ಕೆಲಸ ಕೊಡಿಸುವ ಕೆಲಸ

ನಗಬಾರದ ಹೊತ್ತಿಗೇ ನಗು ಬರುವಂಥ ಸಂಗತಿಗಳು ನಮ್ಮ ಕಸುಬಿನಲ್ಲಿ ತಪ್ಪುವುದೇ ಇಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಮೂರೂ ಕಡೆಯ ತರಬೇತಿ ಸಂಸ್ಥೆಗಳಲ್ಲಿ ನಾನು ಎಲೆಕ್ಟ್ರಿಷಿಯನ್ ಪಾಠ ಮಾಡಿದವನು. ಪಾಠದ ಜೊತೆಗೆ ಮಕ್ಕಳಿಗೆ ಕೆಲಸ ಹುಡುಕಿಕೊಡುವ ಜವಾಬ್ದಾರಿಯೂ ನನ್ನ ತಲೆಗೇ. ಎಲ್ಲರಿಗೂ ಒಳ್ಳೆಯ ಉದ್ಯೋಗ ಸಿಗಬೇಕೆಂದು ಆಗಾಗ ಹೊಸ ಯೋಜನೆ ಬರುತ್ತದೆ, ಗೇಟಿನ ಬೋರ್ಡು ಬದಲಾಗುತ್ತದೆ. ಮಕ್ಕಳು ಮಾತ್ರ ಅದೇ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಾರೆ.

ಮೆಷಿನು

ಒಮ್ಮೆ ನಮ್ಮಲ್ಲಿಗೆ ಕಂಪ್ಯೂಟರಿನಿಂದ ನಡೆಯುವ ದೊಡ್ಡ ಲೇತ್ ಮೆಷಿನು ಬಂತು. ಉದ್ಘಾಟನೆ, ರಿಬ್ಬನ್, ಭಾಷಣ ಎಲ್ಲ ಆಯಿತು. ಅತಿಥಿಗಳ ಕಾರು ಗೇಟು ದಾಟಿದ ಮೇಲೆ ನಾನು ಮೆಷಿನಿನ ಹಿಂದಿನ ಬೋರ್ಡು ನೋಡಿದೆ. ಅದಕ್ಕೆ ತ್ರೀ ಫೇಸ್ ಕರೆಂಟು ಬೇಕು. ನಮ್ಮ ಕಟ್ಟಡಕ್ಕಿದ್ದದ್ದು ಸಿಂಗಲ್ ಫೇಸ್.

ಮೆಷಿನು ಕೊಟ್ಟವರಿಗೆ ಬರೆದೆ. "ಮೆಷಿನು ಮಾತ್ರ ನಮ್ಮದು, ಕರೆಂಟು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದರು. ಕರೆಂಟಿನವರಿಗೆ ಬರೆದೆ. "ಮೆಷಿನು ತರಿಸುವ ಮೊದಲು ನಮ್ಮನ್ನು ಕೇಳಬೇಕಿತ್ತು" ಎಂದರು. ಮೆಷಿನು ಒಂದು ದಿನವೂ ತಿರುಗದಿದ್ದರೂ, ತಪಾಸಣೆಗೆ ಯಾರಾದರೂ ಬಂದರೆ ಕಷ್ಟ ಎಂದು ಪ್ರಿನ್ಸಿಪಾಲರು ಅದನ್ನು ಮಕ್ಕಳಿಂದ ಫಳಫಳ ಹೊಳೆಯುವಂತೆ ಇಡಿಸುತ್ತಿದ್ದರು.

ಕೊಕ್ಕಡ ಕಡೆಯ ಒಬ್ಬ ಹುಡುಗ ಕೋರ್ಸು ಮುಗಿಸಿ ಕಾರ್ಖಾನೆಯೊಂದರ ಸಂದರ್ಶನಕ್ಕೆ ಹೋದ. ಜೊತೆಗೆ ನಾನೂ ಹೋಗಿದ್ದೆ. ಅಲ್ಲಿಯ ಇಂಜಿನಿಯರ್ ಅಂಥದೇ ಮೆಷಿನು ತೋರಿಸಿ ಕೇಳಿದರು, "ಇದರ ಪರಿಚಯ ಉಂಟಾ?"

ಹುಡುಗ ಎದೆಯುಬ್ಬಿಸಿ ಹೇಳಿದ, "ಚೆನ್ನಾಗಿ ಉಂಟು ಸರ್. ಎರಡು ವರ್ಷ ನಾನೇ ಒರೆಸಿದ್ದು."

ವೀಕ್‌ನೆಸ್

ಇನ್ನೊಂದು ವರ್ಷ, ನಮ್ಮ ಮಕ್ಕಳಿಗೆ ವಿದ್ಯೆ ಇದ್ದರೂ ವ್ಯಕ್ತಿತ್ವ ಇಲ್ಲ ಎಂದು ಮೇಲಿನವರಿಗೆ ಗೊತ್ತಾಯಿತು. ವ್ಯಕ್ತಿತ್ವ ಕಲಿಸಲು ದೊಡ್ಡ ಊರಿನಿಂದ ಒಬ್ಬರು ಬಂದರು. ಕತ್ತಿಗೆ ಟೈ, ಕಿವಿಯ ಹತ್ತಿರ ಮೈಕು. ಮಕ್ಕಳನ್ನೆಲ್ಲ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು, "ನಾನು ಗೆಲ್ಲುತ್ತೇನೆ" ಎಂದು ಮೂರು ಸಲ ಕೂಗಿಸಿದರು.

ಆಮೇಲೆ ಸಂದರ್ಶನದ ಅಭ್ಯಾಸ. ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿದರು. ಎರಡು ಬಸ್ಸು ಬದಲಿಸಿ ಬರುವವಳು, ಮನೆಯಲ್ಲಿ ಬೀಡಿ ಕಟ್ಟಿ ಉಳಿದ ಹೊತ್ತಿನಲ್ಲಿ ಓದುವವಳು.

"ಹೆದರಬೇಡ. ಧೈರ್ಯವಾಗಿ ಹೇಳು, ನಿನ್ನ ವೀಕ್‌ನೆಸ್ ಏನು?"

ಹುಡುಗಿ ಸ್ವಲ್ಪ ನಾಚಿಕೊಂಡು ಹೇಳಿದಳು, "ರಕ್ತ ಕಡಿಮೆ ಉಂಟಂತೆ ಸರ್. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಿದ್ದಾರೆ."

ಮಕ್ಕಳು ಯಾರೂ ನಗಲಿಲ್ಲ. ಅವರಿಗೆ ಅದು ಸರಿಯಾದ ಉತ್ತರವೇ ಆಗಿತ್ತು. ಬಂದವರು ಟೈ ಸರಿಮಾಡಿಕೊಂಡು, "ಗುಡ್. ಕಾನ್ಫಿಡೆನ್ಸ್ ಚೆನ್ನಾಗಿದೆ" ಎಂದರು.

ಕೊರತೆ

ಹುಡುಗಿಯರೂ ಎಲೆಕ್ಟ್ರಿಷಿಯನ್ ಆಗಬೇಕು ಎಂದು ಕರಪತ್ರ ಬಂದದ್ದನ್ನು ನಂಬಿ ಕಲ್ಲಡ್ಕ ಕಡೆಯ ಒಬ್ಬಳು ಸೇರಿದ್ದಳು. ಕಂಬ ಹತ್ತುವುದರಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕಿದಳು. ಒಂದು ಕಂಪನಿಯ ಪರೀಕ್ಷೆಯಲ್ಲಿ ಮೊದಲ ಸ್ಥಾನವೂ ಬಂತು. ಕೊನೆಗೆ ಮ್ಯಾನೇಜರು, "ನೀವು ಎಂತಾದರೂ ಕೇಳ್ಲಿಕ್ಕೆ ಉಂಟಾ?" ಎಂದರು.

"ಇಲ್ಲಿ ಹೆಂಗಸರಿಗೆ ಟಾಯ್ಲೆಟ್ ಎಲ್ಲಿ ಉಂಟು ಸರ್?"

ಮ್ಯಾನೇಜರು ಪಕ್ಕದವರ ಮುಖ ನೋಡಿದರು. ಪಕ್ಕದವರು ಛಾವಣಿ ನೋಡಿದರು. ವಾರದ ನಂತರ ನಮಗೆ ಪತ್ರ ಬಂತು: ಅಗತ್ಯ ಸೌಲಭ್ಯಗಳ ಕೊರತೆಯಿಂದಾಗಿ ಅಭ್ಯರ್ಥಿಯನ್ನು ತಿರಸ್ಕರಿಸಲಾಗಿದೆ.

ಆ ಹುಡುಗಿ ಓದಿ, "ಕೊರತೆ ನನ್ನದಾ ಸರ್?" ಎಂದು ಕೇಳಿದಳು. ನಾನು ಪತ್ರದ ವ್ಯಾಕರಣ ಸರಿ ಇಲ್ಲ ಎಂದೆ.

ಉದ್ಯೋಗ ಮೇಳ

ಕಳೆದ ವರ್ಷ ಪ್ರಿನ್ಸಿಪಾಲರು ಕರೆದು, "ಮಾರಾಯ್ರೆ, ಈ ಸಲ ಒಬ್ಬರಿಗಾದರೂ ಕೆಲಸ ಕೊಡಿಸಿ. ವರದಿ ಖಾಲಿ ಕಳಿಸ್ಲಿಕ್ಕೆ ಆಗುವುದಿಲ್ಲ" ಎಂದರು. ನಾನು ಮಕ್ಕಳನ್ನು ಕರೆದುಕೊಂಡು ಮೇಳಕ್ಕೆ ಹೋದೆ. ಬೆಳಿಗ್ಗೆಯಿಂದ ಸಂಜೆವರೆಗೆ ಸಾಲಿನಲ್ಲಿ ನಿಂತೆವು. ಬೆಳುವಾಯಿಯ ಒಬ್ಬ ಹುಡುಗಿ, ನನ್ನ ತರಗತಿಯಲ್ಲೇ ಚುರುಕಿನವಳು, ಮಾತ್ರ ಆಯ್ಕೆಯಾದಳು. ಜನರನ್ನು ಗುತ್ತಿಗೆಗೆ ಒದಗಿಸುವ ಒಂದು ಏಜೆನ್ಸಿ ಅವಳನ್ನು ತೆಗೆದುಕೊಂಡಿತ್ತು. ಹುದ್ದೆ: ತರಬೇತುದಾರರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹದಿನೈದು ದಿನ ಬಿಟ್ಟು ಲಾಡಿನ ಪೊಟ್ಟಣ ಹಿಡಿದುಕೊಂಡು ಬಂದಳು.

"ಎಲ್ಲಿಗೆ ಹಾಕಿದ್ದಾರೆ?" ಎಂದೆ.

"ಇಲ್ಲಿಗೇ ಸರ್! ನಿಮ್ಮ ಜೊತೆಗೇ!"

ಆದೇಶ ಕೈಗೆ ತೆಗೆದುಕೊಂಡೆ. ನಮ್ಮ ಸಂಸ್ಥೆ, ಎಲೆಕ್ಟ್ರಿಷಿಯನ್ ವಿಭಾಗ, ಒಂದು ಹುದ್ದೆ. ನಮ್ಮಲ್ಲಿ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಇರುವುದೇ ಒಂದು ಹುದ್ದೆ. ಹದಿನಾರು ವರ್ಷವಾದರೂ ನಾನು ಖಾಯಂ ಆದವನಲ್ಲ, ವರ್ಷ ವರ್ಷ ನವೀಕರಿಸಿಕೊಳ್ಳುವ ಅತಿಥಿ ಬೋಧಕ.

ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ನನ್ನ ಮುಖ ನೋಡದೆ ಹೇಳಿದರು, "ಈಗಷ್ಟೇ ಮೇಲಿಂದ ಬಂತು. ಇನ್ನು ಅತಿಥಿಗಳು ಬೇಡವಂತೆ, ಎಲ್ಲ ಏಜೆನ್ಸಿಯ ಮೂಲಕವಂತೆ."

ಹೊರಗೆ ಬಂದಾಗ ಹುಡುಗಿಗೆ ವಿಷಯ ಗೊತ್ತಾಗಿತ್ತು. ಅಳುತ್ತಾ ನಿಂತಿದ್ದಳು. "ನನಗೆ ಬೇಡ ಸರ್. ನಾನು ಬಿಡ್ತೇನೆ."

"ಸುಮ್ಮನಿರು," ಎಂದೆ. "ನೀನು ಬಿಟ್ಟರೆ ಇನ್ನೊಬ್ಬರನ್ನು ಹಾಕ್ತಾರೆ. ಅವರಿಗೆ ಫೇಸ್ ಯಾವುದು, ನ್ಯೂಟ್ರಲ್ ಯಾವುದು ಗೊತ್ತಿರ್ತದೋ ಇಲ್ಲವೋ. ನಿನಗಾದರೆ ನಾನೇ ಕಲಿಸಿದ್ದೇನೆ." ಉಪಕರಣಗಳ ಬೀರುವಿನ ಕೀಲಿ ಅವಳ ಕೈಗೆ ಕೊಟ್ಟೆ. ಅವಳು ತಂದ ಪೊಟ್ಟಣದಿಂದ ಒಂದು ಲಾಡು ಬಾಯಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಪ್ರಿನ್ಸಿಪಾಲರು ಮೊಬೈಲು, ಒಂದು ಗುಲಾಬಿ ಹಿಡಿದು ಬಂದರು. ಕೆಲಸ ಸಿಕ್ಕಿದವರನ್ನು ಅಭಿನಂದಿಸುವ ಫೋಟೋ ಬೇಕಂತೆ. ನಾನು ಅವಳಿಗೆ ಆ ಗುಲಾಬಿ ಕೊಟ್ಟೆ. "ಇಬ್ಬರೂ ಸ್ವಲ್ಪ ನಗಿ ಮಾರಾಯ್ರೆ, ಮೇಲಕ್ಕೆ ಕಳಿಸ್ಲಿಕ್ಕೆ ಉಂಟು" ಎಂದರು.

ಕೊನೆಯದಾಗಿ ವರದಿ ತುಂಬಿಸುವುದಿತ್ತು. ಅದು ನನ್ನದೇ ಕೆಲಸ, ಸಂಜೆ ಐದರವರೆಗೆ. ಹುಡುಗಿಯ ಹೆಸರು, ವಿಳಾಸ, ಹುದ್ದೆ ಎಲ್ಲ ಬರೆದೆ. ಕೆಳಗೊಂದು ಸಾಲಿತ್ತು: "ಈ ಉದ್ಯೋಗವನ್ನು ಒದಗಿಸಿದವರು ಯಾರು?"

ಹದಿನಾರು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ಚೂರೂ ಸುಳ್ಳಿಲ್ಲದೆ ನನ್ನ ಹೆಸರು ಬರೆದು ಸಹಿ ಹಾಕಿದೆ.