ನಮ್ಮ ಕಾರಿನ ಪಿಕಪ್ ಹೆಚ್ಚಿಸಿದ ಪ್ರಸಂಗ

ಇಂಜಿನ್ ಅಂದ್ರ ಏನಂತ ನಾ ನಾಲ್ಕೇ ದಿನದಾಗ ತಿಳ್ಕೊಂಡೆ, ಮೊಬೈಲಿನಾಗ ಹನ್ನೊಂದು ವಿಡಿಯೋ ನೋಡಿ. ಬಸವಕಲ್ಯಾಣದಾಗ ಒಂದು ಸರ್ಕಾರಿ ಕಚೇರಿಯ ಗುಮಾಸ್ತ ನಾನು. ಎಂಥೆಂಥಾ ಫೈಲು ಓದಿ ಅರಗಿಸಿಕೊಂಡೇನಿ, ಇಂಜಿನ್ ಏನ್ ಮಹಾ!

ನಮ್ಮ ಹಳೇ ಕಾರಿಗೆ ಪಿಕಪ್ ಇರಲಿಲ್ಲ. ಏರು ಬಂತಂದ್ರ ಕಬ್ಬಿನ ಟ್ರ್ಯಾಕ್ಟರು ಸೈತ ಹಾರ್ನ್ ಹೊಡೆದು ಮುಂದ ಹೋಗ್ತಿತ್ತು. ಹೆಂಡತಿ ಮಹಾದೇವಿ, "ನಾ ಇಳದು ನಡೀಲೇನ್ರಿ?" ಅಂತಿದ್ಲು. ಈ ಅವಮಾನ ಎಷ್ಟಂತ ತಡಕೊಳ್ಳೋದು! ಸದರಿ ಇಂಜಿನ್ನಿನ ಕಾರ್ಯಕ್ಷಮತೆ ಹೆಚ್ಚಿಸತಕ್ಕದ್ದು ಅಂತ ನನಗ ನಾನೇ ಆದೇಶ ಹೊರಡಿಸಿ ಬಾನೆಟ್ ಎತ್ತಿದೆ.

ಗಾಳಿ ಹೆಚ್ಚು ಸಿಕ್ರ ಶಕ್ತಿ ಹೆಚ್ಚು. ಆ ಗಾಳಿಗೆ ಅಡ್ಡ ಕುಂತಿತ್ತು ಏರ್ ಫಿಲ್ಟರ್, ಧೂಳು ಸೋಸೂ ಜಾಳಿಗಿ, ಮಸಿ ಹಿಡಕೊಂಡು. ಮೆಕ್ಯಾನಿಕ್ ಭಾಯಿ, "ಸಾಹೇಬ್ರ, ಹೊಸಾದು ಹಾಕ್ರಿ" ಅಂದಿದ್ದ. ನನ್ನ ಬುದ್ಧಿ ಇನ್ನೂ ಮುಂದ ಓಡ್ತು. ಮೂಗಿಗೆ ಅರಿವಿ ಕಟ್ಗೊಂಡು ಯಾರರೆ ಓಡ್ತಾರೇನು? ಫಿಲ್ಟರ್ ಕಿತ್ತು ಅಟ್ಟದ ಮ್ಯಾಲ ಒಗದೆ. ಖಾಲಿ ಡಬ್ಬಿ ಮುಚ್ಚಿದೆ. ಕಾರು ಗುರ್ ಅಂತು. ಎದಿ ಉಬ್ಬಿತು.

ಮರುದಿನ ಮುಂಜಾನೆ ಹುಮನಾಬಾದಿನಿಂದ ಫೋನ್ ಬಂತು. ಮಹಾದೇವಿಯ ಚಿಕ್ಕವ್ವ ತೀರಿಕೊಂಡಿದ್ಲು. ತಾಯಿ ಇಲ್ಲದ ಮಹಾದೇವೀನ್ನ ಸಾಕಿ ದೊಡ್ಡಾಕಿ ಮಾಡಿದ್ದು ಈ ಚಿಕ್ಕವ್ವನೇ. ಚಿಕ್ಕವ್ವನ ಗಂಡ ಕಾಕಾ ಅಳಕೋತ, "ಹನ್ನೆರಡಕ್ಕ ಮಣ್ಣು ಅದವ್ವ. ಮುಖಾ ನೋಡೂದಿದ್ರ ಲಗೂ ಬಾ" ಅಂದ.

"ಬಸ್ಸಿಗೆ ಹೋಗೂಣ್ರಿ" ಅಂದ್ಲು ಮಹಾದೇವಿ.

"ಬಸ್ ಯಾಕ? ಈಗ ಕಾರು ಹ್ಯಾಂಗ ಓಡ್ತದ ನೋಡು!" ಅಂದೆ. ನನ್ನ ನಾಲಿಗಿಗೆ ಬೆಂಕಿ ಹಚ್ಚಲಿ!

ಹೈವೇ ಬಿಟ್ಟು ಹಳ್ಳಿ ಹಾದಿ ಹಿಡಿದೆ, ಜಲ್ದಿ ಮುಟ್ಟಬಹುದಂತ. ಎರಡು ಊರು ದಾಟಿದ್ವಿ. ಮುಂದ ನೋಡ್ತೀನಿ, ರಸ್ತೆ ತುಂಬ ತೊಗರಿ ಹಾಸ್ಯಾರ! ನಮ್ಮ ಕಡೆ ರಾಶಿ ಹಿಂಗೂ ಆಗ್ತದ. ಹೋಗೋ ಬರೋ ಗಾಡಿ ತುಳಿದು ಕಾಳು ಬಿಡಿಸಬೇಕು. ಬದಿಗೆ ನಿಂತಿದ್ದ ಮುದುಕಿ, "ಸಾವಕಾಶ ಹೋಗೋ ಯಪ್ಪಾ, ಹೊಟ್ಟು ಏಳ್ತದ!" ಅಂತ ಒದರಿದ್ಲು. ನಾ ಜೋರು ಮಾಡಿದೆ. ಹೊಟ್ಟು ಎದ್ದಿತು. ಎದ್ದದ್ದನ್ನೆಲ್ಲಾ ಇಂಜಿನ್ ಗಬಗಬ ಜಗ್ಗಿಕೊಂತು, ನಾಲ್ಕು ಸಲ ಕೆಮ್ಮಿ, ತೊಗರಿ ನಡುವ ನಿಂತೇಬಿಟ್ಟಿತು.

ಬಾನೆಟ್ ಎತ್ತಿ ಡಬ್ಬಿ ತಗದ್ರ ಬರೇ ಹೊಟ್ಟು, ಧೂಳು. ಮುದುಕಿ ಇಣುಕಿ, "ನಮ್ಮ ಟ್ರ್ಯಾಕ್ಟರಿಗೆ ಇಲ್ಲೊಂದು ಜಾಳಿಗಿ ಇರ್ತದಲ್ಲೋ. ನಿಂದೆಲ್ಲದ?" ಅಂದ್ಲು.

"ಅಟ್ಟದ ಮ್ಯಾಲ ಅದಬೇ."

ಊದಿದೆ, ಜಾಡಿಸಿದೆ, ನೂಕಿದೆ. ಕಾರು ಜಪ್ಪಯ್ಯ ಅನ್ನಲಿಲ್ಲ. ಮಹಾದೇವಿ ರಸ್ತೆ ಬದಿಗೆ ಕುಂತು ಫೋನಿನಾಗ, "ಬಂದ್ವಿ ಕಾಕಾ, ಬರಾಕತ್ತೇವಿ, ಇನ್ನೊಂದಿಷ್ಟ ತಡೀರಿ" ಅಂತ ಅಂಗಲಾಚ್ತಿದ್ಲು. ಅಲ್ಲಿ ಅವರು ಒಂದೂವರಿ ತನಕ ಕಾದರು ಪಾಪ. ಆಮ್ಯಾಲ ಹಿರಿಯರು ತಡೀಲಿಲ್ಲ.

ಬಸ್ಸಿಲ್ಲದ ಆ ಹಾದ್ಯಾಗ ಕಡೀಕ ಸಿಕ್ಕ, ಮಂದಿ ತುಂಬಿದ್ದ ಒಂದು ಆಟೋದಾಗ ಜೋತಾಡಿ ಹುಮನಾಬಾದ ಮುಟ್ಟೂದ್ರಾಗ ಎಲ್ಲಾರೂ ಮಣ್ಣು ಕೊಟ್ಟು ಬಂದು ಕೈಕಾಲು ತೊಳಕೊಳ್ಳಾಕತ್ತಿದ್ರು. ಮಹಾದೇವಿ ಒಬ್ಬಾಕೀನೇ ಹೋಗಿ ಹಸೀ ಮಣ್ಣಿನ ಮುಂದ ಕುಂತ್ಲು. ಚಿಕ್ಕವ್ವನ ಮುಖ ಆಕಿಗೆ ಸಿಗಲಿಲ್ಲ. ಆಕಿ ಅಳೋದು ನೋಡಿ ನನಗೂ ಅಳು ಬಂತು, ಆದ್ರ ಅಳೂ ಹಕ್ಕು ನನಗೆಲ್ಲಿತ್ತು?

ಅಲ್ಲಿಂದ ಚಿಕ್ಕವ್ವನ ಮನಿಗೆ ಬಂದಮ್ಯಾಲ ಹತ್ತು ಮಂದಿ ನಡುವ ಕಾಕಾ ಕೇಳಿದ: "ಏನಾಗಿತ್ತಪ್ಪ ಗಾಡಿಗೆ?"

ನಾ ಬಾಯಿ ತೆರೆಯೂದ್ರಾಗ ಮಹಾದೇವಿ ಕಣ್ಣು ಒರಸ್ಕೋತ, "ತಾನೇ ಕೆಟ್ಟು ನಿಂತಿತು ಕಾಕಾ. ಇವರದೇನೂ ತಪ್ಪಿಲ್ಲ" ಅಂದ್ಲು. ಬೈದಿದ್ರ ನಾ ಬದುಕ್ತಿದ್ದೆ!

ಕಾಕಾ ನನ್ನ ಬೆನ್ನು ಸವರಿ, "ಹೋಗ್ಲಿ ಬಿಡಪ್ಪ. ಮಷಿನ್ ಅದು. ಅದಕ್ಕೇನು ಬುದ್ಧಿ ಇರ್ತದಾ?" ಅಂದ.

ನಾಚಿಕಿಗೇಡಿ ನಾನು, ತಲಿ ಕೆಳಗ ಹಾಕಿ, "ಇಲ್ರಿ ಕಾಕಾ, ಅದಕ್ಕ ಬುದ್ಧಿ ಇಲ್ರಿ" ಅಂದೆ.