ಗ್ಯಾರೇಜಿಗೆ ಹೋದರೆ ನಿಲ್ಲುವ ಸದ್ದು

ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆಯುವವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಎಂಥ ತೊಂದರೆ ಬರಲಿ, ಅದಕ್ಕೊಂದು ಸರಿಯಾದ ಶಬ್ದ ಸಿಕ್ಕಿತೆಂದರೆ ಅರ್ಧ ತೊಂದರೆ ಕಳೆಯಿತೆಂದೇ ನಂಬಿಬಿಡುತ್ತೇವೆ. ನನಗೆ ಮೈ ತುರಿಸಿದರೆ ಮುಲಾಮು ಹುಡುಕುವ ಮೊದಲು ನಿಘಂಟು ಹುಡುಕುತ್ತೇನೆ. ಕೊಟ್ಟೂರಿನ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ಮೇಲೆ ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು ನನ್ನ ಹೆಂಡತಿ ಗಿರಿಜ ಕೈಬಿಟ್ಟಿದ್ದಾಳೆ. ಆದ್ದರಿಂದ ನಮ್ಮ ಹಳೆಯ ಕಾರಿನಲ್ಲಿ ಸದ್ದು ಶುರುವಾದ ದಿನ ನಾನು ಬಾನೆಟ್ ತೆಗೆಯಲಿಲ್ಲ, ನಿಘಂಟು ತೆಗೆದೆ.

ಅದು 'ರ್‍ಯಾಟಲ್' ಎಂದು ನನಗೆ ಮೊದಲೇ ಅನುಮಾನವಿತ್ತು. ನಿಘಂಟು ಒಪ್ಪಿತು. ಗಟ್ಟಿ ವಸ್ತುಗಳು ಒಂದಕ್ಕೊಂದು ತಾಗಿ ಮೇಲಿಂದ ಮೇಲೆ ಬರುವ ಸದ್ದು, ಇದು ಮೊದಲ ಅರ್ಥ. ಮಕ್ಕಳ ಕೈಯ ಗಿಲಕಿ ಎಂಬುದು ಎರಡನೆಯದು. ಉಸಿರು ಬಿಡದೆ ಗಳಗಳ ಹೇಳಿಕೊಂಡು ಹೋಗುವುದಕ್ಕೂ ಅದೇ ಶಬ್ದ, ಎದುರಿನವನ ಧೈರ್ಯ ಅಲುಗಿಸಿ ಕಂಗಾಲು ಮಾಡುವುದಕ್ಕೂ ಅದೇ. ಕೆಳಗೆ ಸಮಾನಾರ್ಥಕಗಳ ಸಂತೆ: ಕ್ಲ್ಯಾಟರ್, ಕ್ಲ್ಯಾಂಕ್, ಜ್ಯಾಂಗಲ್. ಓದುತ್ತ ಓದುತ್ತ ಚಿಗಟೇರಿಯ ನಮ್ಮಜ್ಜಿ ನೆನಪಾದಳು. ಅತ್ತು ಗೋಳು ಹುಯ್ಯುವ ಮೊಮ್ಮಕ್ಕಳ ಕೈಗೆ ಆಕೆ ಒಣಗಿದ ಸೋರೆಬುರುಡೆ ಕೊಡುತ್ತಿದ್ದಳು. ಅಲುಗಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತಿತ್ತು. ಸದ್ದು ಎಲ್ಲಿಂದ ಬರುತ್ತದೆಂದು ನಾವು ಕೇಳಿದರೆ, "ಒಳಗೇನೋ ಸಡ್ಲ ಐತಿ, ಅದಕ್ಕ ಬರ್ತೈತಿ" ಎಂದು ಹೇಳಿ ಒಲೆಯ ಕಡೆ ತಿರುಗುತ್ತಿದ್ದಳು. ಅಷ್ಟು ಸರಳವಾದ ಉತ್ತರ ನನಗೆ ಆಗಲೂ ಸಾಕಾಗಿರಲಿಲ್ಲ.

ಗಿರಿಜಳದೂ ಅದೇ ಜಾತಿಯ ಉತ್ತರ. "ಹಿಂದ ಏನೋ ಉರುಳ್ತೈತ್ರಿ" ಎಂದಳು. ಉರುಳುವುದು ಬೇರೆ, ರ್‍ಯಾಟಲ್ ಬೇರೆ ಎಂದು ನಾನು ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಹಂಗಾರ ಈ ಭಾನುವಾರದೊಳಗ ಅದನ್ನ ನಿಲ್ಲಸ್ರಿ. ಇಲ್ಲಾಂದ್ರ ನಮ್ಮಣ್ಣ ಹಡಗಲಿಯಿಂದ ಬರ್ತಾನ, ಕೀಲಿ ಅವನ ಕೈಯಾಗ ಕೊಟ್ಟುಬಿಡ್ರಿ. ಹೊಲಕ್ಕ ಅಡ್ಡಾಡಾಕ ಸಪ್ಪಳ ಇದ್ರೂ ನಡೀತೈತಿ" ಎಂದಳು. ಅವಳ ಅಣ್ಣ ಚನ್ನಬಸಪ್ಪನಿಗೆ ನನ್ನ ಕಾರಿನ ಮೇಲೆ ಮೊದಲ ದಿನದಿಂದ ಕಣ್ಣು. ನನಗೋ ಅದು ಬದುಕಿನಲ್ಲಿ ಕೊಂಡ ಒಂದೇ ಕಾರು. ಸೋಮವಾರದಿಂದ ಮತ್ತೆ ಕಾಲೇಜಿಗೆ ನಡೆದು ಹೋಗುವ ದೃಶ್ಯ ನೆನೆಸಿಕೊಂಡು ಅಂದೇ ಗ್ಯಾರೇಜಿಗೆ ಹೊರಟೆ.

ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಊರದೇವರ ಹೆಸರಾದ ಕೊಟ್ರೇಶಿ ಎಂದು ಕೂಗಿದರೆ ನಾಲ್ಕು ಜನ ಓಗೊಡುತ್ತಾರೆ. ಹಾಗಾಗಿ ನಮ್ಮ ಮೆಕ್ಯಾನಿಕ್ ಗ್ಯಾರೇಜ್ ಕೊಟ್ರೇಶಿ. ನಿಘಂಟನ್ನು ಹಿಂದಿನ ಸೀಟಿನ ಮೇಲಿಟ್ಟುಕೊಂಡು ಹೋಗಿ, ನಾನು ಅವನಿಗೆ ಕಾರಿನ ಸ್ಥಿತಿಯನ್ನು ಸಾಕಷ್ಟು ಒಳ್ಳೆಯ ಕನ್ನಡದಲ್ಲಿ ನಿವೇದಿಸಿದೆ. ಅವನು ಕೈ ಒರೆಸಿಕೊಳ್ಳುತ್ತ, "ಅದೆಲ್ಲ ಇರ್ಲಿ ಸರ, ಹೆಂಗ ಬರ್ತೈತಿ, ಬಾಯಿಲೆ ಮಾಡಿ ತೋರಸ್ರಿ" ಎಂದ. ಕಟಕಟ ಅಂದರೆ ಚಕ್ರದ ಬಳಿಯ ರಬ್ಬರ್ ಬುಶ್ಶಂತೆ, ಗಡಗಡ ಅಂದರೆ ಸೈಲೆನ್ಸರ್ ಅಂತೆ, ಕಿರ್ರಕಿರ್ರ ಅಂದರೆ ಬ್ರೇಕಂತೆ. ನಿಘಂಟಿನವರು ಎರಡು ಅಂಕಣದಲ್ಲಿ ಹೇಳಲಾರದ್ದನ್ನು ಅವನು ಅರೆ ನಿಮಿಷದಲ್ಲಿ ಬೇರ್ಪಡಿಸಿಟ್ಟ. ನಾನು ಅತ್ತಿತ್ತ ನೋಡಿ, ಮೆಲ್ಲಗೆ, "ಗಡಗಡ" ಎಂದೆ. "ಜೋರಾಗಿ ಅನ್ರಿ." ಅಂದೆ. ಟೈರಿನ ಮೇಲೆ ಕೂತಿದ್ದ ಲಾರಿ ಡ್ರೈವರೊಬ್ಬ, "ಅದು ಗಡಗಡ ಅಲ್ಲ ಬಿಡ್ರಿ, ಲಟಲಟ ಇರಬೇಕು" ಎಂದು ತಾನೂ ಮಾಡಿ ತೋರಿಸಿದ. ನಾನು ಲಟಲಟ ಎನ್ನುತ್ತಿದ್ದಾಗಲೇ ನನ್ನ ಇಬ್ಬರು ವಿದ್ಯಾರ್ಥಿನಿಯರು ಆ ದಾರಿಯಲ್ಲಿ ಹಾದುಹೋಗಿ, "ಗುಡ್ ಮಾರ್ನಿಂಗ್ ಸರ್" ಎಂದರು.

ಕೊಟ್ರೇಶಿ ಕಾರು ಓಡಿಸಿ ನೋಡಿದ. ಸದ್ದೇ ಇಲ್ಲ. ಆದರೂ ನನ್ನ ಗಡಗಡಕ್ಕೆ ಗೌರವ ಕೊಟ್ಟು ಸೈಲೆನ್ಸರ್ ಬಿಗಿ ಮಾಡಿದ. ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಟರೆ ಸದ್ದು ಹಾಜರು. ಮತ್ತೆ ಒಯ್ದೆ. ಮತ್ತೆ ನಿಶ್ಶಬ್ದ. ಈ ಸಲ ಬುಶ್ ಬದಲಾಯಿತು. ಮರುದಿನ ಮತ್ತೆ ಹಾಜರು. ಡಾಕ್ಟರರ ಮುಂದೆ ಕೂತ ಕೂಡಲೇ ಕೆಮ್ಮು ನಿಲ್ಲುವುದನ್ನು ಕಂಡಿದ್ದೇನೆ, ಕಾರಿಗೂ ಆ ಬುದ್ಧಿ ಇದೆಯೆಂದು ಗೊತ್ತಿರಲಿಲ್ಲ. ಶನಿವಾರ ಮೂರನೆಯ ಸಲ ಹೋದಾಗ ಕೊಟ್ರೇಶಿ, "ಸರ, ನೀವೂ ಕೂಡ್ರಿ. ಕೂಡ್ಲಿಗಿ ರಸ್ತೆ ಹಿಡದು ಹೋಗೋಣು. ಸಪ್ಪಳ ಬರೋತನ ವಾಪಸ್ ಬರೋದಿಲ್ಲ" ಎಂದ.

ಏಳೆಂಟು ಕಿಲೋಮೀಟರ್ ಹೋದೆವು. ರಸ್ತೆಯ ಹಂಪಿನ ಮೇಲೆ ಹತ್ತಿಸಿದ, ಗುಂಡಿಯಲ್ಲಿ ಇಳಿಸಿದ, ಕಾರು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಒಂದು ಸದ್ದು ಬಂತು. ಅದು ಟೈರು ಪಂಕ್ಚರಾದದ್ದು. ಕೊಟ್ರೇಶಿ ಇಳಿದು, ಡಿಕ್ಕಿ ತೆಗೆದು, ಸ್ಟೆಪ್ನಿ ಎಳೆದು ಹಾಕಿ, ಒಳಗೆ ಕೈಯಾಡಿಸಿ ಕೇಳಿದ: "ಸರ, ಜಾಕ್ ಎಲ್ಲೈತ್ರಿ?"

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಎರಡು ತಿಂಗಳ ಹಿಂದೆ ಚನ್ನಬಸಪ್ಪ ನನ್ನ ಕಿವಿಯಲ್ಲಿ, ಗ್ಯಾರೇಜಿನವರು ಒಳ್ಳೆಯ ಜಾಕ್ ತೆಗೆದು ಹಳೆಯದನ್ನು ಇಟ್ಟುಬಿಡುತ್ತಾರೆ, ಹುಷಾರಾಗಿರಿ ಎಂದಿದ್ದ. ಅಂದಿನಿಂದ ಗ್ಯಾರೇಜಿಗೆ ಹೊರಡುವ ಮುನ್ನ ಜಾಕನ್ನು ಕಾರಿನಿಂದ ಇಳಿಸಿ ಮನೆಯಲ್ಲಿಡುತ್ತಿದ್ದೆ. ಬಂದ ಮೇಲೆ ಮತ್ತೆ ಡಿಕ್ಕಿಗೆ ಎಸೆಯುತ್ತಿದ್ದೆ. ಅದನ್ನು ಕೊಟ್ರೇಶಿಯ ಮುಖ ನೋಡಿ ಹೇಳುವುದು ಹೇಗೆ? "ಮನೆಯಲ್ಲಿ ಇರಬೇಕು" ಎಂದೆ. "ಜಾಕ್ ಮನ್ಯಾಗ ಯಾಕಿರ್ತೈತ್ರಿ?" ಎಂದ. ನಾನು ರಸ್ತೆಬದಿಯ ಜಾಲಿಗಿಡ ನೋಡಿದೆ.

ನನ್ನ ಫೋನು ಚಾರ್ಜಿಗಿಟ್ಟು ಬಂದಿದ್ದೆ. ಅವನ ಫೋನಿನಿಂದಲೇ ಗಿರಿಜಳಿಗೆ ಹಚ್ಚಿಕೊಟ್ಟ. ಎರಡೂ ಕೈಗೆ ಸದಾ ಕೆಲಸವಿರುವ ಅವನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. "ಜಾಕ್ ಏನಾದರೂ ಕಂಡಿತಾ?" ಎಂದು ಮುಗ್ಧನಾಗಿ ಕೇಳಿದೆ.

"ಏನಾದ್ರೂ ಕಂಡಿತಾ ಅಂದ್ರ?" ಎಂದಳು ಗಿರಿಜ. "ನೀವ ಅಲ್ಲೇನ್ರಿ ಮುಂಜಾನೆ ತೆಗದು ಮಂಚದ ಕೆಳಗ ಇಟ್ಟಿದ್ದು. ಆ ಕೊಟ್ರೇಶಿ ಬದಲಿ ಮಾಡ್ಯಾನು ಅಂತ ಗ್ಯಾರೇಜಿಗೆ ಹೋಗೋವಾಗೆಲ್ಲ ತೆಗದಿಡ್ತೀರಿ. ನನಗ ಕಸ ಹೊಡಿಯಾಕ ಅಡ್ಡಾಗ್ತೈತಿ ಅಂದ್ರ ಕೇಳ್ತೀರೇನು?"

ಗಳಗಳ ಹೇಳಿಕೊಂಡು ಹೋಗುವುದು ಎಂಬ ಅರ್ಥ ಅಂದು ನನಗೆ ಪೂರ್ತಿ ಮನದಟ್ಟಾಯಿತು. ಬಿಸಿಲಿಗಿಂತ ಹೆಚ್ಚಾಗಿ ನನ್ನ ಕಿವಿ ಸುಡುತ್ತಿತ್ತು. ಕೊಟ್ರೇಶಿ ಫೋನಿನ ಹತ್ತಿರ ಬಗ್ಗಿ, ಬಹಳ ಮರ್ಯಾದೆಯಿಂದ, "ಅಕ್ಕಾರ, ನಾನು ಕೊಟ್ರೇಶಿ ಮಾತಾಡೋದು. ಜಾಕ್ ಕಾರಿನಾಗ ಇಟ್ಟ ದಿನ ಸಪ್ಪಳ ಬರ್ತೈತೇನ್ರಿ, ತೆಗದ ದಿನ?" ಎಂದ. ಗಿರಿಜ, "ಇಟ್ಟ ದಿನ ಬರ್ತೈತಪ್ಪ. ಹಿಂದ ಏನೋ ಉರುಳ್ತೈತಿ ಅಂತ ನಾ ಮೊದ್ಲ ಹೇಳಿದ್ದೆ" ಎಂದಳು.

ಅಷ್ಟೇ. ನನ್ನ ರ್‍ಯಾಟಲ್ಲು, ಅದರ ಬಂಧುಬಳಗವೆಲ್ಲ ಮಂಚದ ಕೆಳಗೆ ತಣ್ಣಗೆ ಮಲಗಿತ್ತು. "ತಪ್ಪಾಯ್ತು ಕೊಟ್ರೇಶಿ" ಎಂದೆ. ಅವನು ಹಾದುಹೋಗುತ್ತಿದ್ದ ಟೆಂಪೋ ನಿಲ್ಲಿಸಿ, ಜಾಕ್ ಇಸಿದುಕೊಂಡು, ಟೈರು ಬದಲಿಸುತ್ತ ಹೇಳಿದ: "ಇರ್ಲಿ ಬಿಡ್ರಿ ಸರ. ಆದ್ರ ಒಂದು ಮಾತು. ಅಷ್ಟು ದಪ್ಪನ ಡಿಕ್ಷನರಿ ಹಿಂದಿನ ಸೀಟಿನ ಮ್ಯಾಲೆ ಮೊದ್ಲಿನ ಎರಡೂ ಸಲ ಧೈರ್ಯಾಗಿ ಬಿಟ್ಟು ಹೋಗಿದ್ರಲ್ಲ, ಅದನ್ನ ಯಾರೂ ಮುಟ್ಟೋದಿಲ್ಲ ಅಂತ ಗೊತ್ತಿತ್ತೇನ್ರಿ?"

ಭಾನುವಾರ ಚನ್ನಬಸಪ್ಪ ಬಂದ. ಗಿರಿಜಳ ಹಳೆಯ ಸೀರೆಯಲ್ಲಿ ಸುತ್ತಿ ಕಟ್ಟಿದ ಜಾಕ್ ಡಿಕ್ಕಿಯಲ್ಲಿ ಕೂಸಿನಂತೆ ಮಲಗಿತ್ತು. ಹರಪನಹಳ್ಳಿ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿದೆ. ಅವನು ಕಿವಿ ಕೊಟ್ಟು ಕೇಳಿ ಕೇಳಿ, ಸಪ್ಪೆ ಮುಖ ಮಾಡಿಕೊಂಡು ಊಟ ಮಾಡಿ ಬಸ್ಸಿಗೆ ಹೋದ. ಕಾರು ಉಳಿಯಿತು.

ಮರ್ಯಾದೆಯ ವಿಷಯ ಮಾತ್ರ ಹಾಗೆ ಹೇಳಲಾರೆ. ಕಳೆದ ವಾರ ಆಯಿಲ್ ಬದಲಿಸಲು ಕಾರನ್ನು ಜಾಕ್ ಸಮೇತ ಒಯ್ದೆ. ಇದು ನನ್ನ ಪ್ರಾಯಶ್ಚಿತ್ತ ಎಂದುಕೊಂಡು ಎದೆಯುಬ್ಬಿಸಿ ನಿಂತೆ. ಕೊಟ್ರೇಶಿ ನೆಟ್ಟಗೆ ಬಂದು ಡಿಕ್ಕಿ ತೆಗೆದು, ಸೀರೆ ಸುತ್ತಿದ ಜಾಕನ್ನು ಎತ್ತಿ ನನ್ನ ಕೈಗಿಟ್ಟ. "ಇದನ್ನ ಹಿಡ್ಕೊಂಡು ಆರಾಮ ಮನಿಗೆ ಹೋಗ್ರಿ ಸರ, ಕಾರು ಸಂಜಿಗೆ ಕೊಡ್ತೀನಿ" ಎಂದ. ಲಾರಿ ಡ್ರೈವರು ಟೈರಿನ ಮೇಲಿಂದ ಬೀಳುವಷ್ಟು ನಕ್ಕ. ಆ ಭಾರ ಎತ್ತಿಕೊಂಡು ಕೊಟ್ಟೂರಿನ ಪೇಟೆಯ ಉದ್ದಕ್ಕೂ ನಡೆದೆ. ಕಿರಾಣಿ ಅಂಗಡಿಯವರು, ಕಟಿಂಗ್ ಶಾಪಿನವರು, ಬಸ್ಸಿಗೆ ಕಾದವರು, ಎಲ್ಲರದೂ ಒಂದೇ ಪ್ರಶ್ನೆ: "ಏನ್ ಸರ ಅದು?" ಮೇಲಿಂದ ಮೇಲೆ ಬರುವ ಸದ್ದೆಂದರೆ ಇದು. ಹತ್ತೂ ಜನಕ್ಕೆ, ಕಾರಿನೊಳಗೆ ಸಪ್ಪಳ ಬರುತ್ತಿತ್ತು, ತೆಗೆಸಿಕೊಂಡು ಬಂದೆ ಎಂದು ಹೇಳಿದೆ. ಮನೆಯಲ್ಲಿ ಗಿರಿಜ ಮಾತ್ರ ಏನೂ ಕೇಳಲಿಲ್ಲ. ಕಸಬರಿಗೆ ಪಕ್ಕಕ್ಕಿಟ್ಟು, ಮಂಚದ ಕೆಳಗೆ ಜಾಗ ಮಾಡಿಕೊಟ್ಟಳು.