ಬ್ಯಾಡಗಿ ಸಾವ್ಕಾರರ ಪುಟ್ಟ ರೈಲು

ರಾಣೆಬೆನ್ನೂರಿನ ನನ್ನ ರಿಪೇರಿ ಅಂಗಡಿಗೆ ಮಿಕ್ಸರು, ಫ್ಯಾನು ಎಷ್ಟು ಬಂದರೂ ಚಿಂತೆ ಇರಲಿಲ್ಲ. ಎಂಬತ್ತರ ದಶಕದ ಕೊನೆಗೆ ಬ್ಯಾಡಗಿಯ ಮೆಣಸಿನಕಾಯಿ ಸಾವ್ಕಾರರೊಬ್ಬರ ಆಟಿಕೆ ರೈಲು ಬಂತು ನೋಡಿ, ಅದು ಕೆಟ್ಟಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು. ದುಬೈಯಲ್ಲಿದ್ದ ಅವರ ತಮ್ಮ ಮನೆಯ ಮಕ್ಕಳಿಗೆಂದು ಕಳಿಸಿದ್ದ ರೈಲು. ಆಡುತ್ತಿದ್ದವರು ಸಾವ್ಕಾರರೊಬ್ಬರೇ.

ಸೀನು

ಮೊದಲ ಸಲ ಅಂಗಡಿಯಲ್ಲೇ ಇಂಜಿನ್ನು ಬಿಚ್ಚಿದೆ. ಒಳಗೆ ಹೆಬ್ಬೆರಳಿನಷ್ಟು ಮೋಟಾರು, ಅದರ ತುಂಬ ಮೆಣಸಿನಕಾಯಿ ಧೂಳು. ಊದಿದೆ. ಧೂಳು ಮೂಗಿಗೇರಿ ಎಂಥ ಸೀನು ಬಂತೆಂದರೆ, ಕಾರ್ಬನ್ನು ಒತ್ತಿ ಹಿಡಿಯುವ ಅಕ್ಕಿಕಾಳಿನಷ್ಟು ಸ್ಪ್ರಿಂಗು ಹಾರಿಹೋಯಿತು. ಅಂಥದ್ದು ಮುಂಬೈಯಲ್ಲೂ ಸಿಗುವುದು ಅನುಮಾನ.

"ಯಾರೂ ಕಾಲ ಎತ್ತಬ್ಯಾಡ್ರಿ!" ಎಂದು ಕೂಗಿ ನೆಲದ ಮೇಲೆ ಬೋರಲಾದೆ. ಮೋಟಾರಿನ ಮೇಲೆ ಬಗ್ಗಿದ್ದ ಸಾವ್ಕಾರರು ಬಗ್ಗಿದಂತೆಯೇ ಉಸಿರು ಹಿಡಿದರು. ಮೂಲೆ ಮೂಲೆ ತಡಕಿದೆ, ಸಿಗಲಿಲ್ಲ. ಕೊನೆಗೆ ಫ್ಯಾನು ಒಯ್ಯಲು ಬಂದಿದ್ದ ಮಾಸ್ತರರು ಮೆಲ್ಲಗೆ ಅಂದರು:

"ಸಾವ್ಕಾರ್ರ, ಅಳ್ಳಾಡಬ್ಯಾಡ್ರಿ. ಅದು ನಿಮ್ಮ ಮೀಸ್ಯಾಗ ಐತಿ."

ಕೂದಲು

ಎರಡನೆಯ ಸಲ ಬ್ಯಾಡಗಿಯ ಮನೆಗೇ ಕರೆಸಿದರು. ಮೋಟಾರು ಬಿಸಿಯಾಗುತ್ತಿತ್ತು, ತಿರುಗುತ್ತಿರಲಿಲ್ಲ. ಚಿಮಟ ಹಾಕಿ ಎಳೆದರೆ ಗಾಲಿಯ ಕಂಬಿಗೆ ಸುತ್ತಿಕೊಂಡಿದ್ದ ಉದ್ದನೆಯ ಕರಿ ಕೂದಲು ಬಂತು. ಬರುತ್ತಲೇ ಇತ್ತು.

ಚಹಾ ತಂದಿದ್ದ ಸಾವ್ಕಾರರ ಹೆಂಡತಿ ಕಪ್ಪು ಕೆಳಗಿಟ್ಟರು. "ಏನ್ರಿ, ಯಾರದಿದು?"

"ನನಗೇನ ಗೊತ್ತು?"

"ನಂದು, ಮಗಳದು ಎರಡೂ ಗಿಡ್ಡ. ಬಾಗಲಾ ಹಾಕ್ಕೊಂಡು ಬಂಡಿ ಆಡಾವ್ರು ನೀವೊಬ್ರ!"

ನಾನು ತಲೆ ಎತ್ತದೆ ಮೋಟಾರಿಗೆ ಬ್ಯಾಟರಿ ಮುಟ್ಟಿಸಿದೆ. ಅದು ಗುಂಯ್ ಎಂದು ತಿರುಗಿತು. ಯಾರಿಗೂ ಅದು ಬೇಕಾಗಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಸಾವ್ಕಾರರ ತಾಯಿಯ ಧ್ವನಿ:

"ಅವಗ್ಯಾಕ ಬಯ್ತೀಯವ್ವಾ? ಅದು ನಾ ಜಡಿಗೆ ಹಾಕ್ಕೊಳ್ಳೂ ಚವರೀದು. ಒಣಗ್ಲಿ ಅಂತ ಬಂಡಿ ಮ್ಯಾಲ ಹಾಕಿದ್ದೆ."

ಸೊಸೆ ಗಂಡನನ್ನು ಮರೆತೇಬಿಟ್ಟರು. "ಅಯ್ಯ ಅತ್ತೀ! ಇಷ್ಟು ವರ್ಷ ನಿಮ್ಮ ಜಡಿ ಖರೇದು ಅಂತ ಊರಿಗೆಲ್ಲಾ ಹೇಳೇನಲ್ರಿ!"

ಉಂಗುರ

ಮಗಳ ನಿಶ್ಚಯಕ್ಕೆ ಹಾವೇರಿಯಿಂದ ಬೀಗರು ಬಂದರು. ಹುಡುಗಿಯ ಕಡೆಯಿಂದ ಹುಡುಗನ ಕಡೆಗೆ ಉಂಗುರ ರೈಲಿನಲ್ಲೇ ಹೋಗಬೇಕೆಂದು ಸಾವ್ಕಾರರ ಹಟ. ಬೆಳಿಗ್ಗೆ ಮೋಟಾರು ಬಿಚ್ಚಿ, ಒರೆಸಿ, ಹಳಿಯ ಮೇಲೆ ಓಡಿಸಿ ನೋಡಿದ್ದೆ. ಹೊತ್ತಿಗೆ ಸರಿಯಾಗಿ ಕರೆಂಟು ಮಂದವಾಯಿತು. ರೈಲು ನರಳುತ್ತ ಹೋಯಿತು. ಹುಡುಗ ಕೈ ಚಾಚಿದ. ಇನ್ನೇನು ಸಿಕ್ಕಿತೆನ್ನುವಾಗ ನಿಂತಿತು. ಸಾವ್ಕಾರರು ಗಾಬರಿಯಲ್ಲಿ ರೈಲು ಓಡಿಸುವ ಗುಂಡಿಯನ್ನು ಉಲ್ಟಾ ತಿರುವಿದರು, ಅದೇ ಹೊತ್ತಿಗೆ ಕರೆಂಟೂ ಸರಿಯಾಯಿತು. ಉಂಗುರ ಹೊತ್ತ ರೈಲು ಹಿಂದೆ ಹಿಂದೆ ಹೋಗಿ ಹುಡುಗಿಯ ಮುಂದೆಯೇ ನಿಂತುಬಿಟ್ಟಿತು.

ಹುಡುಗನ ತಂದೆ ತಲೆಯ ಪಟಕಾ ಸರಿಮಾಡಿಕೊಂಡು ಎದ್ದರು. "ಇದರ ಅರ್ಥ ಏನ್ರಿ? ಹುಡುಗಿ ಒಲ್ಲೆ ಅಂತಾಳೇನು?"

ಸಾವ್ಕಾರರು ನನ್ನ ಕಡೆ ಬೆರಳು ತೋರಿಸಿದರು. ನಾನೇ ಅಂದೆ: "ಮೋಟರಿಂದು ತಪ್ಪಿಲ್ರಿ."

"ಹಂಗಾರ ಹುಡುಗೀದೇನು?"

ಆಗ ಹುಡುಗಿ ಉಂಗುರ ಎತ್ತಿಕೊಂಡು ಹುಡುಗನನ್ನು ನೋಡಿದಳು. "ಬಂಡಿ ಬರ್ಲಿಲ್ಲಂದ್ರ ನೀವ ಬರ್ರಿ. ಕಾಲ ಅದಾವಲ್ಲ?"

ಹುಡುಗ ಎದ್ದು ಬಂದ ರಭಸಕ್ಕೆ ಅವಳ ಮುಂದಿದ್ದ ಇಂಜಿನ್ನಿನ ಮೇಲೆಯೇ ಕಾಲಿಟ್ಟ. ಅದು ಕಟಕ್ಕೆಂದಿತು. ಎಲ್ಲರೂ ನಕ್ಕರು, ಉಂಗುರ ಬೆರಳಿಗೇರಿತು. ಸಾವ್ಕಾರರ ಕಣ್ಣಲ್ಲಿ ಮಾತ್ರ ನೀರು. "ಮಗಳು ಹೊಂಟ್ಲಲ್ಲ, ಪಾಪ, ಹೆತ್ತ ಕರಳು" ಎಂದು ಬೀಗರೂ ಕರಗಿ ಅವರ ಹೆಗಲು ತಟ್ಟಿದರು.

ಸಾವ್ಕಾರರು ಕಣ್ಣೊರೆಸಿಕೊಂಡು ನನ್ನ ಕಿವಿಯ ಹತ್ತಿರ ಬಂದರು:

"ಮೋಟರು ಉಳಿತೈತೇನು, ಲಗೂ ನೋಡ್ರಿ."